ಎಡಗಡೆಯ ಎರಡು ಹಲ್ಲು

ಮಾರ್ಚ್ 3, ಸೋಮವಾರ

ಎದ್ದ ಕೂಡಲೇ ಫೋನ್. ಹಲ್ಲುಜ್ಜುವುದಕ್ಕೂ ಮೊದಲು ಫೋನ್. ಹಲ್ಲು ಕಟ್ಟಿ ಬದುಕಿದವನ ಗತಿ ಇದು.

ಮೆಸೇಜ್ ಇಲ್ಲ. ಪ್ರೊಫೈಲನ್ನು ಇಬ್ಬರು ನೋಡಿದ್ದಾರೆ. ಒಬ್ಬಳು ಮಗಳು. ಇನ್ನೊಬ್ಬರು ಯಾರೆಂದು ಹೇಳಬೇಕಾದರೆ ಆ್ಯಪ್‌ನವರಿಗೆ ಚಂದಾ ಕಟ್ಟಬೇಕಂತೆ. ಬೇಡ. ಯಾರೋ ಒಬ್ಬರು ನೋಡಿದ್ದಾರೆ ಎಂದುಕೊಂಡೇ ಒಂದು ಬೆಳಗ್ಗೆ ದೂಡಬಹುದು.

ಫೋಟೋ ಸುತ್ತ ಮಗಳು ಹಸಿರು ಬಳೆ ಹಾಕಿಕೊಟ್ಟಿದ್ದಾಳೆ. ಕೆಲಸ ಹುಡುಕುತ್ತಿದ್ದೇನೆ ಎಂಬುದಕ್ಕೆ ಗುರುತು. ಅಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿದರು.

"ಮನೆ ಬಾಡಿಗೆಗಿದೆ ಅಂತ ಬೋರ್ಡ್ ಹಾಕಿದಂಗಿದೆ ಕಣೋ."

ಐವತ್ತು ದಾಟಿದ ಮನೆ. ನೋಡಿಕೊಂಡು ಹೋಗುವವರೂ ಇಲ್ಲ.

ಪರಿಚಯದ ಜಾಗದಲ್ಲಿ ನಾನು ಬರೆದಿದ್ದದ್ದು: 'ಹಲ್ಲು ಮಾಡುತ್ತೇನೆ. ಮುಂದಿನ ಹಲ್ಲು ಇನ್ನೂ ಚೆನ್ನಾಗಿ ಮಾಡುತ್ತೇನೆ.' ಮಗಳು ತಲೆ ಚಚ್ಚಿಕೊಂಡಳು.

"ಅಪ್ಪಾ, ಹಿಂಗೆಲ್ಲ ಯಾರೂ ಬರೆಯಲ್ಲ. ಪ್ಯಾಶನೇಟ್ ಅಂತ ಹಾಕು. ರಿಸಲ್ಟ್ ಓರಿಯೆಂಟೆಡ್ ಅಂತ ಹಾಕು."

"ರಿಸಲ್ಟ್ ಅಂದ್ರೆ ಏನಮ್ಮ? ಜನ ಅಗಿದು ತಿಂದ್ರೆ ಅದೇ ರಿಸಲ್ಟ್."

ಕೊನೆಗೆ ಅವಳೇ ಬರೆದಳು. ನಾನೀಗ 'ನಗುವನ್ನು ಮರಳಿ ಕೊಡುವ ಉತ್ಸಾಹಿ'. ಓದಿದರೆ ಸರ್ಕಸ್ಸಿನ ಕೋಡಂಗಿ ಅನ್ನಿಸುತ್ತದೆ.

ನನ್ನ ಹೆಂಡತಿ ಏಳಕ್ಕೇ ಹೊರಟಳು. ಹಗಲು ಔಷಧಿ ಅಂಗಡಿಯ ಕೌಂಟರ್, ಸಂಜೆ ಸಿನಿಮಾ ಹಾಲ್‌ನ ಟಿಕೆಟ್ ಕೌಂಟರ್. ಎರಡೂ ಕಡೆ ನಿಂತೇ ಇರಬೇಕು. ಸೊಂಟಕ್ಕೆ ಬೆಲ್ಟ್ ಬಿಗಿದುಕೊಳ್ಳುವಾಗ ಮುಖ ಗೋಡೆ ಕಡೆ ತಿರುಗಿಸುತ್ತಾಳೆ, ನಾನು ನೋಡಬಾರದು ಅಂತ. ನಾನು ನೋಡಿಲ್ಲದ ಹಾಗೆ ಇರುತ್ತೇನೆ. ನನಗೆ ಕೆಲಸ ಸಿಕ್ಕ ದಿನ ಸಂಜೆಯದನ್ನು ಬಿಡುತ್ತಾಳೆ. ಅಲ್ಲಿಯವರೆಗೆ ಬೆಲ್ಟ್.

ಮಾರ್ಚ್ 4, ಮಂಗಳವಾರ

ಕೈ ಸುಮ್ಮನಿರುವುದಿಲ್ಲ. ನಿನ್ನೆ ರಾತ್ರಿ ಬಟ್ಟೆ ಸೋಪಿನ ತುಂಡನ್ನು ಚಾಕುವಿನಲ್ಲಿ ಕೆರೆಯುತ್ತಾ ಕೂತಿದ್ದೆ. ನೋಡಿದರೆ ದವಡೆ ಹಲ್ಲು. ಬೇರು ಸಮೇತ. ಬೆಳಗ್ಗೆ ಇವಳು ಬಚ್ಚಲಿನಿಂದಲೇ ಕೂಗಿದಳು — "ರೀ, ಸೋಪಿಗೂ ಹಲ್ಲು ಬಂತಾ?"

ಲ್ಯಾಬ್ ನೆನಪಾಯಿತು. ಹೊರಗಿನವರಿಗೆ ಅದೊಂದು ಲ್ಯಾಬ್ ಅಂತಲೇ ಗೊತ್ತಿರಲಿಲ್ಲ. ಡಾಕ್ಟರು ಹಲ್ಲು ಕಟ್ಟುತ್ತಾರೆ ಅಂತ ಜನ ತಿಳಿದಿದ್ದಾರೆ. ಡಾಕ್ಟರು ಅಚ್ಚು ತೆಗೆದು ಕಳಿಸುತ್ತಾರೆ, ಕಟ್ಟುವವರು ನಾವು. ಮೆಟ್ಟಿಲ ಕೆಳಗಿನ ಉದ್ದನೆ ಕೋಣೆ, ಆರು ಮೇಜು, ಮೂಲೆಯಲ್ಲಿ ಫರ್ನೇಸ್. ಪಿಂಗಾಣಿ ಪುಡಿಯನ್ನು ನೀರಿನಲ್ಲಿ ಕಲಸಿ, ಸಣ್ಣ ಬ್ರಷ್‌ನಲ್ಲಿ ಪದರ ಪದರ ಏರಿಸಿ, ಸುಡುವುದು. ಒಂದು ಹಲ್ಲಿಗೆ ಬಿಳಿ ಒಂದೇ ಅಲ್ಲ. ಬುಡಕ್ಕೆ ಹಳದಿ, ನಡುವೆ ಕೆನೆ, ತುದಿಗೆ ಒಂದಿಷ್ಟು ನೀಲಿ.

ಒಂದು ಪದ್ಧತಿ ಇತ್ತು ನಮ್ಮಲ್ಲಿ. ಕಟ್ಟಿದ ಹಲ್ಲು ಬಾಯಿಗೆ ಕೂತ ಮೇಲೆ ಡಾಕ್ಟರು ಬಾಯಿಯಷ್ಟೇ ಕಾಣುವ ಫೋಟೋ ಕಳಿಸುತ್ತಿದ್ದರು. ಅಸಲಿ ಯಾವುದು, ಕಟ್ಟಿದ್ದು ಯಾವುದು ಅಂತ ಗೊತ್ತಾಗದಿದ್ದರೆ, ಮಾಡಿದವನು ಎದ್ದು ನಿಂತು "ನಂದು" ಅನ್ನಬೇಕು. ಉಳಿದವರು ಬೆರಳು ಮಡಚಿ ಮೇಜು ತಟ್ಟಬೇಕು. ಅಷ್ಟೇ. ನಮಗೆ ಬಹುಮಾನ, ಚಪ್ಪಾಳೆ ಎಲ್ಲಾ ಅದೇ. ತನ್ನದಕ್ಕೆ ತಾನೇ ತಟ್ಟಿಕೊಳ್ಳುವ ಹಾಗಿರಲಿಲ್ಲ.

ಯಜಮಾನರು ಮಷೀನ್ ತಂದರು. ಅಚ್ಚು ಕಂಪ್ಯೂಟರ್ ಒಳಗೆ, ಹಲ್ಲು ಹೊರಗೆ. ಆರು ಮೇಜು ಮೂರಾಯಿತು. ಆಮೇಲೆ ಇನ್ನೂ ದೊಡ್ಡವರು ಯಜಮಾನರನ್ನೇ ಕೊಂಡುಕೊಂಡರು. ಮೂರು ಸೊನ್ನೆಯಾಯಿತು.

ಮಾರ್ಚ್ 7, ಶುಕ್ರವಾರ

ಇವತ್ತು ಮಗಳ ಪಾಠ: ಸುಮ್ಮನೆ ಕೂತರೆ ಆ್ಯಪ್ ನಮ್ಮನ್ನು ಮರೆಯುತ್ತದೆ. ಬೇರೆಯವರ ಪೋಸ್ಟ್‌ಗೆ ಕಾಮೆಂಟ್ ಮಾಡುತ್ತಿರಬೇಕು.

"ಬರೀ ನೈಸ್, ಸೂಪರ್ ಅಂತ ಹಾಕ್ಬೇಡ ಅಪ್ಪಾ. ನಿನ್ನ ಕೆಲಸಕ್ಕೆ ಸಂಬಂಧಪಟ್ಟಿದ್ದು ಏನಾದ್ರೂ ಬರಿ. ಓದಿದವ್ರಿಗೆ ಇವ್ರು ಯಾರು ಅಂತ ಅನ್ನಿಸ್ಬೇಕು."

ಪ್ರಯತ್ನಿಸಿದೆ. ಯಾರೋ ಒಬ್ಬರು ಕೆಲಸ ಹೋದದ್ದೇ ತಮ್ಮ ಬದುಕಿನ ದೊಡ್ಡ ಪಾಠ ಎಂದು ಉದ್ದಕ್ಕೆ ಬರೆದಿದ್ದರು. ಸಾವಿರ ಜನ ಮೆಚ್ಚಿದ್ದಾರೆ. ನನಗೂ ಕೆಲಸ ಹೋಯಿತು, ಪಾಠ ಗೀಠ ಏನೂ ಸಿಗಲಿಲ್ಲ ಎಂದು ಬರೆದೆ. ಮಗಳು ಅಳಿಸಿದಳು.

ಇಲ್ಲಿ ಎಲ್ಲರಿಗೂ ಎಲ್ಲದಕ್ಕೂ ಸಂತೋಷ. 'ಹೇಳಿಕೊಳ್ಳಲು ಹರ್ಷವಾಗುತ್ತಿದೆ' — ಎಲ್ಲರಿಗೂ ಹರ್ಷ. ಕನೆಕ್ಷನ್ ರಿಕ್ವೆಸ್ಟ್ ಅಂದರೆ ಮರ್ಯಾದೆಯಿಂದ ಹಲ್ಲು ಗಿಂಜುವುದು. ಹತ್ತಾರು ಜನಕ್ಕೆ ಗಿಂಜಿದೆ. ನಾಲ್ಕು ಲ್ಯಾಬ್‌ಗಳು ನೋಡಿಯೂ ಉತ್ತರಿಸಲಿಲ್ಲ. ಐದನೆಯದು ಉತ್ತರಿಸಿತು. ಮಷೀನ್ ನಡೆಸಲು ಬರುತ್ತದೆಯೇ? ಇಲ್ಲ ಎಂದೆ. ಹೆಬ್ಬೆರಳು ಕಳಿಸಿದರು.

ಮಾರ್ಚ್ 12, ಬುಧವಾರ

ಡಾಕ್ಟ್ರ ಫೋನ್! ನಮ್ಮ ಲ್ಯಾಬ್‌ಗೆ ಮೊದಲಿನಿಂದ ಕೆಲಸ ಕಳಿಸುತ್ತಿದ್ದವರು. ನನ್ನನ್ನು ಮೇಸ್ತ್ರಿ ಅಂತಲೇ ಕರೆಯುವುದು. ಹೆಸರು ಅವರಿಗೆ ಗೊತ್ತಿದೆಯೋ ಇಲ್ಲವೋ.

"ಮೇಸ್ತ್ರಿ, ರಿಂಗ್ ರೋಡ್‌ನಲ್ಲಿ ಹೊಸ ಆಸ್ಪತ್ರೆ ಆಗಿದ್ಯಲ್ಲ, ಅಲ್ಲಿ ವಾರಕ್ಕೆರಡು ದಿನ ನಾನೂ ಹೋಗ್ತಿದೀನಿ. ಅವ್ರು ಸ್ವಂತ ಲ್ಯಾಬ್ ಮಾಡ್ತಿದಾರೆ. ಮಷೀನ್ ಇದೆ, ಆದ್ರೆ ಮುಂದಿನ ಹಲ್ಲಿಗೆ ಕೈ ಬೇಕು ಅಂತ ಹಠ ಹಿಡಿದಿದೀನಿ. ನಿಮ್ಮನ್ನ ಹೇಳಿದೀನಿ."

ಯಾರನ್ನು ಕಾಣಬೇಕು ಎಂದೆ.

"ಕಾಣೋದೆಲ್ಲ ಇಲ್ಲ. ಎಲ್ಲಾ ಎಚ್‌ಆರ್ ಮೇಡಂ ಕೈಲಿದೆ. ಆಕೆ ಆ ಆ್ಯಪ್‌ನಲ್ಲೇ ಜನ ಆರಿಸೋದು. ರಿಕ್ವೆಸ್ಟ್ ಕಳ್ಸಿ. ಸ್ವಲ್ಪ ನೀಟಾಗಿ ಇಟ್ಕೊಳ್ಳಿ ನಿಮ್ಮ ಪೇಜು."

ಅಪ್ಪನಿಗೆ ಹೇಳಿದೆ. ಅಪ್ಪನ ಹಲ್ಲಿನ ಪೂರ್ತಿ ಸೆಟ್ ನಾನೇ ಮಾಡಿದ್ದು. ಮೇಲಿನದೂ ಕೆಳಗಿನದೂ ಲೋಟದಲ್ಲಿ ಮುಳುಗಿರುತ್ತವೆ. ಊಟಕ್ಕೆ ಮಾತ್ರ ಹೊರಗೆ. ಬೊಚ್ಚು ಬಾಯಲ್ಲೇ ಅಂದರು — "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನಿಂಗೆ ಎರಡೂ ಒಟ್ಟಿಗೆ ಬರ್ತಿರೋ ಹಾಗಿದೆ. ಬಿಡ್ಬೇಡ."

ಮಾರ್ಚ್ 14, ಶುಕ್ರವಾರ

ರಿಕ್ವೆಸ್ಟ್ ಕಳಿಸಿದೆ. ಪೆಂಡಿಂಗ್.

ಮಾರ್ಚ್ 16, ಭಾನುವಾರ

ಪೆಂಡಿಂಗ್. ಭಾನುವಾರ ಯಾರು ನೋಡುತ್ತಾರೆ, ಬಿಡು.

ಮಾರ್ಚ್ 19, ಬುಧವಾರ

ಒಪ್ಪಿಕೊಂಡರು!

ಅದಕ್ಕಿಂತ ದೊಡ್ಡದು ಇನ್ನೊಂದು. ಒಪ್ಪಿಕೊಂಡ ಮೇಲೆ ಮೇಡಂ ಫೋಟೋ ದೊಡ್ಡದಾಗಿ ಕಂಡಿತು. ನಲವತ್ತರ ಒಳಗಿನ ಹೆಂಗಸು. ನಗುತ್ತಿದ್ದಾರೆ. ಬಾಯಿ ನೋಡಿದೆ, ಚಾಳಿ.

ಮೇಲ್ಸಾಲು, ಎಡಗಡೆ. ಮುಂದಿನದು ಮತ್ತು ಅದರ ಪಕ್ಕದ್ದು. ನಂದು.

ತಪ್ಪಲು ಸಾಧ್ಯವೇ ಇಲ್ಲ. ಹನ್ನೊಂದು ವರ್ಷದ ಹಿಂದೆ ಡಾಕ್ಟ್ರು ಕಳಿಸಿದ ಅಚ್ಚು. ಮೆಟ್ಟಿಲ ಮೇಲಿಂದ ಬಿದ್ದ ಹುಡುಗಿ, ಎರಡು ಹಲ್ಲು ಮುರಿದಿವೆ, ಚೆನ್ನಾಗಿ ಬರಬೇಕು ಅಂದಿದ್ದರು. ಬಲಗಡೆ ಉಳಿದಿದ್ದ ಅಸಲಿ ಹಲ್ಲಿನ ಮೇಲೆ ಒಂದು ಬಿಳಿ ಚುಕ್ಕೆ ಇತ್ತು, ಹುಟ್ಟಿನಿಂದ ಬಂದದ್ದು. ಕಟ್ಟಿದ್ದಕ್ಕೂ ಅಂಥದ್ದೇ ಒಂದು ಚುಕ್ಕೆ ಇಟ್ಟೆ, ಸ್ವಲ್ಪ ಕೆಳಗೆ, ಸ್ವಲ್ಪ ಮಸುಕಾಗಿ. ಪಕ್ಕದ್ದನ್ನು ಕೂದಲೆಳೆಯಷ್ಟು ಓರೆ ಮಾಡಿದೆ. ನೆಟ್ಟಗಿದ್ದರೆ ಕಟ್ಟಿದ್ದು ಅಂತ ಕೂಗಿ ಹೇಳುತ್ತದೆ. ಆ ಸಲ ನಾನು ಎದ್ದು ನಿಂತಾಗ ಮೇಜು ತಟ್ಟಿದ ಸದ್ದಿಗೆ ಮೇಲಿನ ಅಂಗಡಿಯವನು ಇಳಿದು ಬಂದಿದ್ದ.

ಬಾಯಿ ಮಾತ್ರ ನೋಡಿದ್ದೆ. ಇಷ್ಟು ವರ್ಷದಲ್ಲಿ ಸಾವಿರಾರು ಬಾಯಿ, ಒಂದೂ ಮುಖವಿಲ್ಲ. ಇವತ್ತು ಮೊದಲ ಸಲ ನನ್ನ ಹಲ್ಲಿನ ಮೇಲೆ ಒಂದು ಮೂಗು, ಎರಡು ಕಣ್ಣು ಕಂಡೆ. ಒಳ್ಳೆ ಮುಖ. ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ.

ಮಾರ್ಚ್ 20, ಗುರುವಾರ

ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ನೋಡುತ್ತಿದ್ದೆ, ಚುಕ್ಕೆ ಮಾಸಿದೆಯೇ ಅಂತ. ಹಿಂದೆ ಮಗಳು.

"ಅಪ್ಪಾ! ಯಾರದು? ಬಾಯಿ ಯಾಕೆ ಝೂಮ್ ಮಾಡ್ತಿದೀಯ?"

"ಹಲ್ಲು ನೋಡ್ತಿದ್ದೆ."

"ಛೀ. ಅಮ್ಮಂಗೆ ಹೇಳ್ತೀನಿ ಇರು."

ಹೇಳಿಯೂ ಬಿಟ್ಟಳು. ಇವಳು ಬೆಲ್ಟ್ ಬಿಗಿಯುತ್ತಾ ನಕ್ಕಳು. "ಆ ಚಾಳಿ ಹೊಸದೇನಲ್ಲ. ಮೊದಲ ಸಲ ನಾವು ಸಿಕ್ಕಾಗ್ಲೂ ನಿಮ್ಮಪ್ಪ ನನ್ನ ಕಣ್ಣು ನೋಡಿದ್ದೇ ಇಲ್ಲ. ಕೋರೆಹಲ್ಲು ಚೆನ್ನಾಗಿದೆ ಅಂದ್ರು. ನಾನು ಪೆದ್ದಿ, ಹೊಗಳಿಕೆ ಅಂತ ಒಪ್ಕೊಂಡೆ."

ಹೊಗಳಿಕೆಯೇ ಆಗಿತ್ತು. ಮೇಡಂ ವಿಷಯ ಹೇಳಲಿಲ್ಲ. ಕೆಲಸ ಆದಮೇಲೆ ಹೇಳಿದರೆ ರುಚಿ ಹೆಚ್ಚು.

ಮಾರ್ಚ್ 27, ಗುರುವಾರ

ಮೆಸೇಜ್. ಆಸ್ಪತ್ರೆಯಿಂದ. ಏಪ್ರಿಲ್ 7, ಸೋಮವಾರ, ಇಂಟರ್‌ವ್ಯೂ. ಅವರ ಎದುರೇ ಒಂದು ಹಲ್ಲು ಕಟ್ಟಿ ತೋರಿಸಬೇಕು. ಕೆಳಗೆ ಮೇಡಂ ಹೆಸರು.

ಹಲ್ಲು ಕಟ್ಟಿ ತೋರಿಸಬೇಕಂತೆ! ಮೀನಿಗೆ ಈಜು ಪರೀಕ್ಷೆ. ಬ್ರಷ್‌ಗಳ ಡಬ್ಬಿ ತೆಗೆದೆ. ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಚೂಪು ಮಾಡಿದೆ. ಒಂದು ಕೂದಲೂ ಕೆದರಿಲ್ಲ.

ಮಾರ್ಚ್ 29, ಶನಿವಾರ

ಇವಳು ಸಿನಿಮಾ ಹಾಲ್ ಮ್ಯಾನೇಜರ್‌ಗೆ ಹೇಳಿ ಬಂದಿದ್ದಾಳೆ. ಮುಂದಿನ ತಿಂಗಳಿಂದ ಬರುವುದು ಅನುಮಾನ ಅಂತ. ಇಷ್ಟು ಬೇಗ ಯಾಕೆ ಹೇಳಿದೆ ಎಂದು ಗದರಿದೆ.

"ಅನುಮಾನ ಅಂದೆ ರೀ, ಬಿಡ್ತೀನಿ ಅನ್ಲಿಲ್ಲ. ಬಾಯಲ್ಲಿ ಒಂದ್ಸಲ ಅಂದು ನೋಡ್ಬೇಕು ಅನ್ನಿಸ್ತು."

ಒಳಗೊಳಗೇ ಖುಷಿಯಾಯಿತು. ಭಯವೂ ಆಯಿತು.

ಏಪ್ರಿಲ್ 3, ಗುರುವಾರ. ಮಧ್ಯಾಹ್ನ

ಮೇಡಂಗೆ ಬಡ್ತಿ ಸಿಕ್ಕಿದೆ. ಈಗ ಆಸ್ಪತ್ರೆಯ ಎಲ್ಲಾ ಶಾಖೆಗಳಿಗೂ ಅವರೇ. ಪೋಸ್ಟ್ ಹಾಕಿದ್ದಾರೆ, ಹರ್ಷವಾಗುತ್ತಿದೆ ಅಂತ. ಈ ಸಲದ ಹರ್ಷ ನಿಜವಾದದ್ದು. ಬಾಯಿ ತುಂಬಾ ನಗುತ್ತಿದ್ದಾರೆ, ಒಸಡಿನವರೆಗೆ. ಹನ್ನೊಂದು ವರ್ಷವಾದರೂ ಒಸಡಿನ ಅಂಚಲ್ಲಿ ಕಪ್ಪು ಗೆರೆ ಇಲ್ಲ. ಎಂಥ ಕೆಲಸ!

ಕೆಳಗೆ ಕಾಮೆಂಟುಗಳ ಸಾಲು. 'ಎಷ್ಟು ಚೆಂದದ ನಗು.' 'ಈ ನಗು ಹೀಗೇ ಇರಲಿ.' 'ಆ ನಗುವೇ ನಿಮ್ಮ ಶಕ್ತಿ ಮೇಡಂ.' ಒಂದೊಂದೇ ಓದಿದೆ. ಎರಡು ಸಲ ಓದಿದೆ. ಎದ್ದು ನಿಂತೆ, ನಿಜವಾಗಿ, ಕುರ್ಚಿ ಬಿಟ್ಟು. ಇವರೆಲ್ಲಾ ಮೇಜು ತಟ್ಟುತ್ತಿದ್ದಾರೆ, ಯಾರ ಕೆಲಸಕ್ಕೆ ಅಂತ ಅವರಿಗೆ ಗೊತ್ತಿಲ್ಲ.

ನಿನ್ನ ಕೆಲಸಕ್ಕೆ ಸಂಬಂಧಪಟ್ಟಿದ್ದು ಬರಿ ಅಂದಿದ್ದಳಲ್ಲ ಮಗಳು. ಬರೆದೆ.

'ಅಭಿನಂದನೆಗಳು ಮೇಡಂ. ಎಲ್ಲರೂ ಮೆಚ್ಚಿರುವ ಈ ನಗುವಿನಲ್ಲಿ ಎಡಗಡೆಯ ಎರಡು ಹಲ್ಲು ನಾನು ಕಟ್ಟಿದವು. ಹನ್ನೊಂದು ವರ್ಷವಾದರೂ ಬಣ್ಣ ಮಾಸಿಲ್ಲ. ಬಹಳ ಸಂತೋಷ. ಸೋಮವಾರ ಭೇಟಿಯಾಗೋಣ.'

ಕಳಿಸಿದೆ.

ಸಂಜೆ ಐದು

ಲೈಕ್! ಒಂದರ ಹಿಂದೆ ಒಂದು. ಫೋನ್ ಮೇಜಿನ ಮೇಲೆ ತಾನೇ ತೆವಳುತ್ತಿದೆ. ನಗುವ ಮುಖಗಳು ನೂರಾರು. ಒಂದೇ ಮಧ್ಯಾಹ್ನದಲ್ಲಿ ಎಷ್ಟೊಂದು ಜನ ನನ್ನ ಪ್ರೊಫೈಲ್ ನೋಡಿದ್ದಾರೆ. ಅಪ್ಪನಿಗೆ ತೋರಿಸಿದೆ. "ಇಷ್ಟು ಜನ ನಗ್ತಿದಾರಲ್ಲೋ, ಏನಂತೆ?" ಅಂದರು. ಸಂತೋಷಕ್ಕೆ ಅಂದೆ. ಅಪ್ಪ ಲೋಟದಿಂದ ಹಲ್ಲು ತೆಗೆದು ಹಾಕಿಕೊಂಡು ತಾವೂ ನಕ್ಕರು.

ಸಂಜೆ ಏಳು

ಮಗಳು ಬಾಗಿಲಲ್ಲೇ ಬ್ಯಾಗ್ ಎಸೆದಳು. ನನ್ನ ಕಾಮೆಂಟು ಅವಳ ಗೆಳತಿಯ ಫೋನಿಗೂ ಬಂದಿತ್ತಂತೆ.

"ಅಪ್ಪಾ, ತೆಗಿ. ಈಗ್ಲೇ ತೆಗಿ."

"ಯಾಕೆ? ನೋಡು ಎಷ್ಟು ಜನ—"

"ಅವ್ರ ಹಲ್ಲು ಕಟ್ಸಿದ್ದು ಅಂತ ಊರಿಗೆಲ್ಲಾ ಹೇಳಿದೀಯ! ಓದು ಕೆಳಗೆ, ಜನ ಏನ್ ಬರೆದಿದಾರೆ ಓದು!"

ಓದಿದೆ. 'ಹಾಗಾದ್ರೆ ಉಳಿದವು ಯಾರು ಮಾಡಿದ್ದು?' 'ಬಡ್ತಿನೂ ಕಟ್ಟಿಸಿದ್ದಾ?' ಎಡಗಡೆ ಅಂದರೆ ನಮ್ಮ ಎಡವೋ ಅವರ ಎಡವೋ ಅಂತ ಇಬ್ಬರು ವಾದ ಮಾಡಿದ್ದಾರೆ. ಒಬ್ಬ ಫೋಟೋ ಕತ್ತರಿಸಿ, ಹಲ್ಲಿನ ಮೇಲೆ ಕೆಂಪು ಬಾಣ ಎಳೆದಿದ್ದಾನೆ. ಅದೂ ತಪ್ಪು ಹಲ್ಲಿನ ಮೇಲೆ.

ಅಳಿಸಿದೆವು. ಅಷ್ಟರಲ್ಲಿ ಪೋಸ್ಟೇ ಮಾಯವಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ್ದು ನಾನು. ಒಡೆದದ್ದು ಬೇರೆಯವರ ಮುತ್ತು.

ಏಪ್ರಿಲ್ 4, ಶುಕ್ರವಾರ

ಡಾಕ್ಟ್ರು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

"ಮೇಸ್ತ್ರಿ, ಏನ್ ಮಾಡ್ಬಿಟ್ರಿ."

"ಡಾಕ್ಟ್ರೇ, ಒಳ್ಳೇದಕ್ಕೇ..."

"ಗೊತ್ತು. ಅದೇ ಕಷ್ಟ. ಮನೆಯವ್ರನ್ನ ಬಿಟ್ರೆ ಯಾರಿಗೂ ಹೇಳಿರ್ಲಿಲ್ಲ ಆಕೆ. ಪೇಷಂಟ್ ಬಾಯಿ ವಿಷಯ ನಾವು ಬಾಯಿ ಬಿಡ್ಬಾರ್ದು. ನನ್ನ ಕಡೆಯಿಂದಾನೇ ಹೊರಗೆ ಹೋಯ್ತಾ ಅಂತ ಆಕೆ ನನ್ನ ಕೇಳಿದ್ರು. ಏನ್ ಹೇಳ್ಲಿ ನಾನು?"

ಸೋಮವಾರದ ವಿಷಯ ಕೇಳಬಾರದಿತ್ತು. ಕೇಳಿದೆ. "ಫೋನ್ ಇಡ್ತೀನಿ ಮೇಸ್ತ್ರಿ," ಅಂದರು.

ಕಟ್ಟಿದ ಹಲ್ಲು ನಾಚಿಕೆ ಅಂತ ನನಗೆ ಹೊಳೆಯಲೇ ಇಲ್ಲ. ಇದನ್ನು ಯಾರು ನಂಬುತ್ತಾರೆ? ನಮ್ಮ ಕೋಣೆಯಲ್ಲಿ ಅಸಲಿ ಹಲ್ಲಿಗೆ ಏನು ಬೆಲೆ? ಅದು ತಾನಾಗಿ ಹುಟ್ಟಿ ಬಂದದ್ದು, ಯಾರೂ ದುಡಿದಿಲ್ಲ. ಕಟ್ಟಿದ್ದೇ ಬಾಯಲ್ಲಿರುವ ಒಳ್ಳೆಯದು. ಆಕೆಗೂ ಹಾಗೇ ಇರುತ್ತದೆ ಅಂದುಕೊಂಡೆ. ಮೂವತ್ತು ವರ್ಷ ಮೆಟ್ಟಿಲ ಕೆಳಗೆ ಕೂತರೆ ಹೀಗಾಗುತ್ತದೆ. ಗೊತ್ತಾಗದ ಹಾಗೆ ಕಟ್ಟುವುದೇ ಕಸುಬು. ಕಟ್ಟಿದವನೇ ಡಂಗುರ ಹೊಡೆದ.

ಏಪ್ರಿಲ್ 5, ಶನಿವಾರ

ಮೆಸೇಜ್. 'ಸದ್ಯಕ್ಕೆ ಈ ಹುದ್ದೆಯನ್ನು ತಡೆಹಿಡಿಯಲಾಗಿದೆ. ನಿಮ್ಮ ಮುಂದಿನ ಪ್ರಯತ್ನಗಳಿಗೆ ಶುಭವಾಗಲಿ.'

ಮೇಡಂಗೆ ಕ್ಷಮೆ ಕೇಳಿ ಉದ್ದಕ್ಕೆ ಬರೆದೆ. ಹೋಗಲಿಲ್ಲ. ಈ ವ್ಯಕ್ತಿ ನಿಮಗೆ ಲಭ್ಯವಿಲ್ಲವಂತೆ.

ಇವಳಿಗೆ ಏನೂ ವಿವರಿಸಬೇಕಾಗಲಿಲ್ಲ. ಮಗಳು ಹೇಳಿದ್ದಳು. ನನ್ನನ್ನು ಬೈಯಲಿಲ್ಲ. "ಮ್ಯಾನೇಜರ್‌ಗೆ ಅನುಮಾನ ಅಂತಷ್ಟೇ ಹೇಳಿದ್ದು, ಇನ್ನೊಂದ್ಸಲ ಹೋಗಿ ಅನುಮಾನ ಇಲ್ಲ ಅಂದ್ರಾಯ್ತು," ಅಂದಳು. ಬೆಲ್ಟ್ ಬಿಗಿದುಕೊಂಡಳು. ಈ ಸಲ ಗೋಡೆ ಕಡೆ ತಿರುಗಲಿಲ್ಲ. ತಿರುಗಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 9, ಬುಧವಾರ

ಅಪ್ಪನದು ಎರಡು ದಿನದಿಂದ ಒಂದೇ ಹಾಡು. "ಫೋನಲ್ಲಿ ಮಾಡಿದ ತಪ್ಪನ್ನ ಫೋನಲ್ಲೇ ಒರೆಸಕ್ಕಾಗಲ್ಲ ಕಣೋ. ಎದುರು ಹೋಗಿ ತಪ್ಪಾಯ್ತು ಅನ್ನು. ಕೆಲಸಕ್ಕಲ್ಲ, ತಪ್ಪಿಗೆ."

ಇಂಟರ್‌ವ್ಯೂಗೆ ಅಂತ ಇಸ್ತ್ರಿ ಮಾಡಿದ್ದ ಶರ್ಟು ಹಾಕಿಕೊಂಡು ಹೋದೆ. ಹೊಸ ಕಟ್ಟಡ, ನೆಲ ಕನ್ನಡಿ. ಕೌಂಟರ್ ಹುಡುಗಿ ಕೇಳಿದಳು, ಅಪಾಯಿಂಟ್‌ಮೆಂಟ್ ಇದೆಯಾ ಸಾರ್? ಇತ್ತು, ಸೋಮವಾರ, ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಕೂತಿರಿ ಅಂದಳು.

ಲಿಫ್ಟ್ ತೆರೆಯಿತು. ಮೇಡಂ. ಫೋಟೋಗಿಂತ ಕುಳ್ಳಗೆ, ಇಬ್ಬರ ಜೊತೆ. ಜೊತೆಗಿದ್ದವನು ಏನೋ ತಮಾಷೆ ಹೇಳಿದ. ಮೇಡಂಗೆ ನಗು ಬಂತು. ತಕ್ಷಣ ಕೈ ಮೇಲೆ ಹೋಯಿತು. ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಗು ಮುಗಿದ ಮೇಲೂ ಒಂದು ಕ್ಷಣ ಕೈ ಇಳಿಸಲಿಲ್ಲ.

ಆ ಕೈ ನನಗೆ ಗೊತ್ತು. ಹಲ್ಲು ಮುರಿದವರೆಲ್ಲಾ ಡಾಕ್ಟ್ರ ಬಾಗಿಲಿಗೆ ಹಾಗೇ ಬರುವುದು. ಆ ಕೈ ಇಳಿಸುವುದೇ ನನ್ನ ಕೆಲಸವಾಗಿತ್ತು. ಹನ್ನೊಂದು ವರ್ಷದ ಹಿಂದೆ ಇಳಿಸಿದ್ದೆ. ನಾನೇ ಮತ್ತೆ ಎತ್ತಿ ಇಟ್ಟೆ.

ಎದ್ದು ಬಂದುಬಿಟ್ಟೆ. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ.

ಏಪ್ರಿಲ್ 22, ಮಂಗಳವಾರ

ಮಗಳ ಫೋನಿನಲ್ಲಿ ಕಂಡೆ. ಮೇಡಂ ಫೋಟೋ ಬದಲಾಯಿಸಿದ್ದಾರೆ. ತುಟಿ ಮುಚ್ಚಿದ ನಗು.

ನನ್ನ ಹಸಿರು ಬಳೆ ಹಾಗೇ ಇದೆ. ನನ್ನ ಪ್ರೊಫೈಲನ್ನು ಈ ವಾರ ಯಾರೂ ನೋಡಿಲ್ಲ.

ಮೇ 9, ಶುಕ್ರವಾರ

ಬರೆಯಲು ಏನೂ ಇರಲಿಲ್ಲ, ಬರೆದಿರಲಿಲ್ಲ.

ಬೆಳಗ್ಗೆ ಫೋನ್ ಟಿಣ್ ಎಂದಿತು. ಆಸ್ಪತ್ರೆಯ ಹೆಸರು. ತೆರೆಯುವುದಕ್ಕೆ ಮೊದಲು ಹೋಗಿ ಮುಖ ತೊಳೆದು ಬಂದೆ. ತಡೆಹಿಡಿದದ್ದನ್ನು ಬಿಟ್ಟಿರಬಹುದು. ಡಾಕ್ಟ್ರು ಹೇಳಿ ಸಮಾಧಾನ ಮಾಡಿರಬಹುದು. ಮೇಡಂ ಮನಸ್ಸು ಕರಗಿರಬಹುದು. ಅಪ್ಪ ನೋಡುತ್ತಿದ್ದರು. ಇವಳನ್ನು ಬಾಗಿಲಲ್ಲೇ ನಿಲ್ಲಿಸಿದೆ, ಒಂದು ನಿಮಿಷ ಇರು ಅಂತ.

ಬರೆದದ್ದು ಅಲ್ಲಿನ ಲ್ಯಾಬ್‌ಗೆ ಹೊಸದಾಗಿ ಸೇರಿದವನು. ಮಷೀನ್ ನಡೆಸುತ್ತಾನೆ. ಒಳ್ಳೆ ಮರ್ಯಾದಸ್ಥ, ಸರ್ ಅಂತ ನಾಲ್ಕು ಕಡೆ ಬರೆದಿದ್ದಾನೆ. 'ಸರ್, ಮೇಡಂ ತಮ್ಮ ಎರಡು ಹಲ್ಲು ತೆಗೆಸಿ ಬೇರೆ ಹಾಕಿಸುತ್ತಿದ್ದಾರೆ. ಡಾಕ್ಟರ್ ಬೇಡ ಅಂದರೂ ಕೇಳುತ್ತಿಲ್ಲ. ಎದುರು ಬಂದವರೆಲ್ಲಾ ಅವೆರಡನ್ನೇ ನೋಡುತ್ತಾರೆ ಅನ್ನುತ್ತಾರೆ. ಹಳೆಯದಕ್ಕೆ ನೀವು ಬಳಸಿದ ಬಣ್ಣ ತಿಳಿಸಿದರೆ ಉಪಕಾರ. ಚುಕ್ಕೆ ಮಾತ್ರ ಬೇಡವಂತೆ. ಬಲಗಡೆಯ ಹಲ್ಲಿನ ಚುಕ್ಕೆಯನ್ನೂ ಪಾಲಿಶ್ ಮಾಡಿ ತೆಗೆಯುತ್ತೇವೆ.'

ಬಲಗಡೆಯದು ಅಸಲಿ. ಹುಟ್ಟಿನಿಂದ ಬಂದ ಚುಕ್ಕೆ. ಅದನ್ನೂ.

"ಏನಂತೆ ರೀ?" ಅಂದಳು ಇವಳು.

"ಏನಿಲ್ಲ. ಬಣ್ಣ ಕೇಳ್ತಿದಾರೆ."

ನನ್ನ ಮುಖ ನೋಡಿದಳು. ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಮೆಟ್ಟಿಲಿಳಿಯುವಾಗ ಕಂಬಿ ಹಿಡಿದುಕೊಂಡು ಇಳಿಯುತ್ತಿದ್ದಾಳೆ ಈಚೆಗೆ.

ಮೇ 10, ಶನಿವಾರ

ಕೊಡಬಾರದು ಅಂದುಕೊಂಡೆ. ನನ್ನ ಕೆಲಸ ಅಳಿಸಲು ನನ್ನ ಹತ್ತಿರವೇ ರಬ್ಬರ್ ಕೇಳುತ್ತಾರೆ. ಸಿಟ್ಟು ಬಂತು, ಸ್ವಲ್ಪ ಹೊತ್ತು ಚೆನ್ನಾಗಿತ್ತು ಸಿಟ್ಟಿನಲ್ಲಿ.

ಆಮೇಲೆ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದದ್ದು ಕಣ್ಣಿಗೆ ಬಂತು. ಬಣ್ಣ ತಪ್ಪಿದರೆ ಆ ಕೈ ಎಂದೂ ಇಳಿಯುವುದಿಲ್ಲ.

ಬರೆದೆ. ಎಲ್ಲಾ ಬರೆದೆ. ಬುಡಕ್ಕೆ ಯಾವ ಹಳದಿ, ಎಷ್ಟು. ನಡುವಿನ ಕೆನೆಗೆ ಒಂದು ಚಿಟಿಕೆ ಕಂದು. ತುದಿಯ ನೀಲಿ ತೆಳ್ಳಗೆ, ಇದೆಯೋ ಇಲ್ಲವೋ ಅನ್ನಿಸಬೇಕು. ಪಕ್ಕದ್ದು ಕೂದಲೆಳೆ ಓರೆ, ಅದನ್ನು ಮಾತ್ರ ನೆಟ್ಟಗೆ ಮಾಡಬೇಡಪ್ಪ, ದಮ್ಮಯ್ಯ. ಮೇಡಂಗೆ ನಾನು ಹೇಳಿದೆ ಅಂತ ತಿಳಿ— ಇಲ್ಲ, ಆ ಸಾಲು ಅಳಿಸಿದೆ. ನಾನು ಅಂತ ಎಲ್ಲೂ ಬರಬಾರದು.

ಉತ್ತರ ಬಂತು. ಹೆಬ್ಬೆರಳು.

ಮೇ 14, ಬುಧವಾರ

ಇವಳು ಸಿನಿಮಾ ಹಾಲ್‌ನಲ್ಲಿ ಇನ್ನೊಂದು ವರ್ಷಕ್ಕೆ ಸಹಿ ಹಾಕಿ ಬಂದಳು. ಕೂರಲು ಒಂದು ಸ್ಟೂಲ್ ಕೇಳಿದ್ದಾಳಂತೆ. ನೋಡೋಣ ಅಂದರಂತೆ.

ಮಗಳು ಪಾಪ, ಬಿಡುವುದಿಲ್ಲ. "ಅಪ್ಪಾ, ಬೇರೆ ಊರಿನ ಲ್ಯಾಬ್‌ಗಳಿಗೆ ಹಾಕೋಣ." ಹಾಕು ಅಂದೆ. ಬೇಡ ಅಂದರೆ ಅವಳ ಮುಖ ನೋಡಲು ಆಗುವುದಿಲ್ಲ. ಹಲ್ಲು ಕಚ್ಚಿಕೊಂಡು ಇನ್ನಷ್ಟು ದಿನ.

ಮೇ 19, ಸೋಮವಾರ. ಬೆಳಗ್ಗೆ ಹತ್ತು

ಮೇಡಂ ಹಲ್ಲು ತೆಗೆಯುವುದು ಇವತ್ತು ಹತ್ತಕ್ಕೆ ಅಂತ ಆ ಲ್ಯಾಬ್‌ನವನು ಬರೆದಿದ್ದ. ಕೇಳಿರಲಿಲ್ಲ, ತಾನಾಗಿ ತಿಳಿಸಿದ. ಒಳ್ಳೆಯವನು.

ಕಟ್ಟಿದ ಹಲ್ಲನ್ನು ಇಡಿಯಾಗಿ ಕೀಳಲು ಆಗುವುದಿಲ್ಲ. ಕೊರೆದು ಸೀಳಬೇಕು. ಪಿಂಗಾಣಿ ಪುಡಿಯಾಗಿ ನೀರಿನ ಜೊತೆ ಪೈಪಿನಲ್ಲಿ ಹೋಗುತ್ತದೆ. ಪುಡಿಯಿಂದ ಬಂದದ್ದು ಪುಡಿಗೆ. ಮೊದಲು ಚುಕ್ಕೆಯದೇ ಹೋಗಿರುತ್ತದೆ, ಮುಂದಿನದಲ್ಲವೇ. ಡ್ರಿಲ್ ಸದ್ದು ಅಲ್ಲಿಂದ ಇಲ್ಲಿಗೆ ಕೇಳುವುದಿಲ್ಲ. ಆದರೂ ಕಿಟಕಿ ಹಾಕಿ ಬಂದೆ.

ಎದ್ದು ನಿಂತೆ. "ನಂದು" ಅಂದೆ.

"ಯಾರೋ ಬಂದಿದ್ದು?" ಒಳಗಿನಿಂದ ಅಪ್ಪ.

ಯಾರೂ ಇಲ್ಲ ಅಂದೆ. ಬೆರಳು ಮಡಚಿ ಮೇಜಿನ ಮೇಲಿಟ್ಟೆ. ತನ್ನದಕ್ಕೆ ತಾನೇ ತಟ್ಟಿಕೊಳ್ಳುವ ಹಾಗಿಲ್ಲ. ಆದರೆ ತಟ್ಟಲು ಬೇರೆ ಯಾರಿದ್ದಾರೆ? ಒಂದೇ ಸಲ, ಮೆಲ್ಲಗೆ ತಟ್ಟಿದೆ.